ವಾಯಿದೆಯಿಲ್ಲದ ಕಕ್ಷಿದಾರರು

ವಕೀಲರಲ್ಲ, ಗುಮಾಸ್ತರಲ್ಲ, ಸದ್ಯಕ್ಕೆ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆದರೂ ಬೆಳಿಗ್ಗೆ ಜವಾನನು ಮೊದಲನೆಯ ಕೇಸನ್ನು ಕೂಗುವ ವೇಳೆಗೆ ನ್ಯಾಯಾಲಯದ ಜಗಲಿಯಲ್ಲಿ ಹಾಜರಿದ್ದು, ಸಂಜೆಯ ಬಸ್ಸಿಗೆ ಊರಿಗೆ ಮರಳಿ, ಯಾರಿಗೆ ಜಾಮೀನಾಯಿತು, ಯಾವ ನ್ಯಾಯಾಧೀಶರಿಗೆ ವರ್ಗವಾಯಿತು, ವಕೀಲರ ಸಂಘದ ಚುನಾವಣೆಯಲ್ಲಿ ಯಾರು ಯಾರ ಕಡೆಗೆ ಸರಿದರು ಎಂಬ ಸಮಸ್ತ ವರ್ತಮಾನವನ್ನೂ ಕೇಳಿದವರಿಗೂ ಕೇಳದವರಿಗೂ ಸಮಾನವಾಗಿ ನಿವೇದಿಸುವ ಮಹನೀಯರೊಬ್ಬರು, ತಾಲ್ಲೂಕು ಕೇಂದ್ರಕ್ಕೆ ಬಸ್ಸಿನ ಸೌಕರ್ಯವಿರುವ ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ನಮ್ಮ ಯಡಿಯೂರಿಗೆ ಈ ಸೌಕರ್ಯ ಧಾರಾಳವಾಗಿಯೇ ಉಂಟು. ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿರುವ ಊರು. ಕೈ ತೋರಿಸಿ ನಿಂತ ಬಸ್ಸು ಹತ್ತಿದರೆ ಕುಣಿಗಲ್ಲಿನ ನ್ಯಾಯಾಲಯ, ಅಲ್ಲಿ ಬಸ್ಸು ಬದಲಾಯಿಸಿದರೆ ತುಮಕೂರಿನ ಜಿಲ್ಲಾ ನ್ಯಾಯಾಲಯ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ದರ್ಶನಕ್ಕೆಂದು ಸೋಮವಾರದ ದಿನ ನಾಡಿನ ಮೂಲೆಮೂಲೆಯ ಭಕ್ತರು ಇಲ್ಲಿಗೆ ಬಂದಿಳಿಯುತ್ತಿರುವಾಗ, ನಮ್ಮ ಯಜಮಾನರು ಮಾತ್ರ ಊರಿನಿಂದ ಹೊರಡುವ ಬಸ್ಸನ್ನು ಹತ್ತುತ್ತಿರುತ್ತಾರೆ.

ಒಗೆದು ಒಗೆದು ತೆಳುವಾದ ಬಿಳಿಯ ಜುಬ್ಬ, ಕಂಕುಳಲ್ಲಿ ದಾರ ಸುತ್ತಿದ ಒಂದು ಹಳೆಯ ಕಡತ, ಜೇಬಿನಲ್ಲಿ ಎರಡು ಪೆನ್ನು. ಕಡತದೊಳಗಿನ ಕಾಗದಗಳು ಎಂದೋ ಇತ್ಯರ್ಥವಾದವು; ಆದರೆ ಕಡತವಿಲ್ಲದೆ ಜಗಲಿಯಲ್ಲಿ ನಿಂತವನನ್ನು ಪೊಲೀಸಿನವರು ಯಾರೆಂದು ವಿಚಾರಿಸುತ್ತಾರಂತೆ.

ಇವರಿಗೆ ಲೋಕದ ಚರಿತ್ರೆಯೆಲ್ಲವೂ ನ್ಯಾಯಾಲಯಗಳ ಚರಿತ್ರೆ. 1884ರಲ್ಲಿ ಸ್ಥಾಪಿತವಾದ ಮೈಸೂರಿನ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟೆಂಬ ಹೆಸರು ಪಡೆದದ್ದನ್ನು ತಮ್ಮ ಮನೆಯ ಗೃಹಪ್ರವೇಶವೆಂಬಂತೆ ವರ್ಣಿಸಬಲ್ಲರು. ಧಾರವಾಡಕ್ಕೂ ಕಲಬುರಗಿಗೂ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಅವು ಕಾಯಂ ಆದದ್ದರಿಂದ ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಕಟ್ಟಡದಲ್ಲಿ ಉತ್ತರದ ರುಮಾಲುಗಳು ಕಡಿಮೆಯಾದವೆಂಬ ಕೊರಗು ಇವರಿಗೆ ಇಂದಿಗೂ ಇದೆ. 2024ರ ಜುಲೈ 1ರಂದು ಹೊಸ ದಂಡಸಂಹಿತೆ ಜಾರಿಗೆ ಬಂದು, ಕೊಲೆಯ ಕಲಮು 302 ಇದ್ದದ್ದು 103 ಆದಾಗ, ವಕೀಲರೇ ಅಷ್ಟು ಗಾಬರಿಯಾದರೋ ಇಲ್ಲವೋ ನಾನರಿಯೆ, ಇವರು ಮಾತ್ರ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. “ಬಾಯಿಪಾಠ ಮಾಡಿದ್ದೆಲ್ಲ ನೀರುಪಾಲಾಯ್ತಲ್ಲ ಸ್ವಾಮಿ” ಎಂದು ಅಂಗಡಿಯ ಮುಂದೆ ಕುಳಿತು ಹೊಸ ಪಟ್ಟಿಯನ್ನು ಉರುಹೊಡೆಯುತ್ತಿದ್ದರು.

ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ ಸಂಗತಿಯೆಂದರೆ ಇವರು ತೀರ್ಪನ್ನು ಹೇಳುವುದಿಲ್ಲ.

ಕಾರ್ತಿಕದ ಒಂದು ರಜಾದಿನ ದೇವಸ್ಥಾನದ ದಾಸೋಹದಲ್ಲಿ ಪಂಕ್ತಿಗೆ ಕುಳಿತಿದ್ದೆ. ನನ್ನ ದುರದೃಷ್ಟಕ್ಕೆ ಪಕ್ಕದ ಎಲೆ ಇವರದಾಯಿತು. ಅನ್ನ ಬೀಳುತ್ತಲೇ ಕೇಸು ಆರಂಭವಾಯಿತು. ಇಬ್ಬರು ಹಿಡುವಳಿದಾರರು, ನಡುವೆ ಬದು, ಬದುವಿನ ಮೇಲೆ ಒಂದು ತೆಂಗಿನ ಮರ. ಬುಡ ಒಬ್ಬನ ಕಡೆಗೆ, ಬಾಗಿದ ತಲೆ ಇನ್ನೊಬ್ಬನ ಕಡೆಗೆ. ಉದುರಿದ ಕಾಯಿ ಯಾರದು? ನನಗೂ ನಾಲ್ಕಾರು ತೆಂಗಿನ ಮರಗಳಿರುವುದರಿಂದ ಕುತೂಹಲ ಹುಟ್ಟಿದ್ದು ಸಹಜವೇ. ಆದರೆ ಯಜಮಾನರು ಕಾಯಿಯ ಬಳಿಗೆ ನೇರವಾಗಿ ಬರುವವರಲ್ಲ. ಸರ್ವೆಯ ನಕ್ಷೆಯಿಂದ ಹೊರಟು, ಕಮಿಷನರು ಸ್ಥಳಕ್ಕೆ ಬಂದು ಎಳನೀರು ಕುಡಿದದ್ದನ್ನು ವಿಸ್ತರಿಸಿ, ಪಾಟೀಸವಾಲಿಗೆ ತಲುಪುವಷ್ಟರಲ್ಲಿ ಸಾರು ಬಡಿಸುತ್ತಿದ್ದ ಹುಡುಗನು ಬಕೆಟ್ಟನ್ನು ನೆಲಕ್ಕಿಟ್ಟು, ಸೌಟು ಹಿಡಿದ ಕೈಯನ್ನು ಸೊಂಟದ ಮೇಲಿರಿಸಿಕೊಂಡು ನಿಂತುಬಿಟ್ಟಿದ್ದನು.

“‘ಮರ ನೆಟ್ಟೋರು ಯಾರು?’ ಅಂದ್ರು ವಕೀಲರು. ‘ನಮ್ಮಪ್ಪ ಸ್ವಾಮಿ’ ಅಂದ ಸಾಕ್ಷಿ. ‘ನೆಡೋದನ್ನ ನೀನು ಕಣ್ಣಾರೆ ನೋಡಿದ್ಯಾ?’ ಅಂದ್ರು. ‘ನಾನಿನ್ನೂ ಹುಟ್ಟಿರ್ಲಿಲ್ಲ ಸ್ವಾಮಿ’ ಅಂದ. ಆವಾಗ ಜಡ್ಜು ಸಾಹೇಬ್ರು ಕನ್ನಡಕ ತೆಗೆದ್ರು ನೋಡಿ...”

ಹಿಂದಿನ ಸಾಲಿನವರು ಒಣ ಅನ್ನದ ಮುಂದೆ ಕುಳಿತು ಸಾರು, ಸಾರು ಎಂದು ಆರ್ತನಾದ ಮಾಡುತ್ತಿದ್ದರೂ ಹುಡುಗನು ಕದಲಲಿಲ್ಲ. ನಿಜ ಹೇಳಬೇಕೆಂದರೆ ಅವನು ಕದಲದಿರಲೆಂದೇ ನಾನೂ ಹಾರೈಸುತ್ತಿದ್ದೆ. ಅಷ್ಟರಲ್ಲಿ ಮಜ್ಜಿಗೆ ಬಂದಿತು. ಯಜಮಾನರು ಅದನ್ನು ಬೊಗಸೆಯಲ್ಲಿ ಹಿಡಿದು ಕುಡಿದು, ಕೈ ಝಾಡಿಸಿ ಎದ್ದರು. “ತೀರ್ಪಿಗೆ ಮಡಗವ್ರೆ” ಎಂದರು.

“ಹಾಗಾದರೆ ಕಾಯಿ ಯಾರದು?”

“ಅದನ್ನ ನಾನು ಹೇಳಕ್ಕಾಯ್ತದಾ ಸ್ವಾಮಿ? ಕೋರ್ಟು ಹೇಳ್ಬೇಕು.”

ಹಲವು ತಿಂಗಳುಗಳ ತರುವಾಯ, ಅಭಿಮಾನವನ್ನು ಬದಿಗಿರಿಸಿ ಮತ್ತೊಮ್ಮೆ ಕೇಳಿದೆ. “ಅದಾ? ಅಪೀಲಿಗೆ ಹೋಯ್ತು” ಎಂದರು. ಅಪೀಲು ಮಾಡಿದವನೇ ಸೋತವನಾಗಿರಬೇಕೆಂದು ತರ್ಕಿಸಿ, ಅಪೀಲು ಹಾಕಿದವರು ಯಾರೆಂದು ಪ್ರಶ್ನಿಸಿದೆನು. “ಇಬ್ರೂ ಹಾಕವ್ರೆ.”

ಇಂಥವರ ಏಕಸ್ವಾಮ್ಯಕ್ಕೆ ಕಾಲವೂ ಪೆಟ್ಟು ಕೊಟ್ಟಿದೆ. ನೇರ ಪ್ರಸಾರದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು. ಕೆಳಗಿನ ಕೋರ್ಟುಗಳ ವಾಯಿದೆಯ ತಾರೀಖೂ ಮೊಬೈಲಿಗೇ ಬರುತ್ತದೆ. ಮೊಮ್ಮಗನು ಒಮ್ಮೆ ಹೈಕೋರ್ಟನ್ನು ಅಂಗೈಯಲ್ಲಿ ತೋರಿಸಿದಾಗ ಯಜಮಾನರು ಸ್ವಲ್ಪ ಹೊತ್ತು ದಿಟ್ಟಿಸಿ, “ಜಡ್ಜು ಕಾಣ್ತಾರೆ, ಸರಿ. ಜಗಲಿ ಕಾಣ್ತದಾ?” ಎಂದು ಹಿಂದಿರುಗಿಸಿದರಂತೆ. ಈ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿಲ್ಲ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ ಹೇಳಿದ್ದರೂ ಅವರು ಆಗಾಗ್ಗೆ ಕಲಾಪದಿಂದ ದೂರ ಉಳಿಯುವುದುಂಟಷ್ಟೆ. ಅಂಥ ದಿನಗಳಲ್ಲಿಯೂ ಇವರು ಹೋಗಿ, ಬರಿದಾದ ಜಗಲಿಯಲ್ಲಿ ಕುಳಿತು, ಕ್ಯಾಂಟೀನಿನಲ್ಲಿ ಒಂದು ಟೀ ಕುಡಿದು ಬರುತ್ತಾರೆ.

ಏಕೆ ಹೋಗುತ್ತಾರೆಂಬುದು ನನಗೆ ತಿಳಿದದ್ದು ಅವರ ಸೊಸೆಯಿಂದ. ಆ ದಾರ ಸುತ್ತಿದ ಕಡತವು ಭಾಗದ ದಾವೆಯದು. ಪ್ರತಿವಾದಿಯು ಗುಬ್ಬಿಯ ಕಡೆಗೆ ಹೋಗಿ ನೆಲೆಸಿದ ಸ್ವಂತ ತಮ್ಮ. ದಾವೆ ನಡೆದಷ್ಟು ಕಾಲವೂ ವಾಯಿದೆಯ ದಿನ ಇಬ್ಬರೂ ತಪ್ಪದೆ ಬರುತ್ತಿದ್ದರು; ಒಳಗೆ ಮುಖ ತಿರುಗಿಸಿ ನಿಂತು, ಹೊರಗೆ ಕ್ಯಾಂಟೀನಿನ ಒಂದೇ ಬೆಂಚಿನ ಮೇಲೆ ಕುಳಿತು, ಯಾರ ಮಗುವಿಗೆ ಜ್ವರ, ಯಾರ ಹಸು ಕರು ಹಾಕಿತು ಎಂಬುದನ್ನು ವಿಚಾರಿಸಿಕೊಳ್ಳುತ್ತಿದ್ದರು. ಟೀಯ ದುಡ್ಡನ್ನು ಯಾವಾಗಲೂ ಅಣ್ಣನೇ ಕೊಡತಕ್ಕದ್ದೆಂಬುದು ಅವರೊಳಗಿನ ಅಲಿಖಿತ ಕರಾರು. ಒಂದು ಶನಿವಾರ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಎಲ್ಲರೂ ಸಂತೋಷಪಟ್ಟರು, ಕಟ್ಟಿದ್ದ ಕೋರ್ಟು ಫೀಸು ವಾಪಸು ಬಂದಿತು, ಜಮೀನಿಗೆ ಕಲ್ಲು ನೆಟ್ಟರು. ಅದಾಲತ್ತಿನ ರಾಜಿಯ ಮೇಲೆ 1987ರ ಕಾನೂನಿನ ಪ್ರಕಾರ ಅಪೀಲಿಲ್ಲ. ಅಂದಿನಿಂದ ತಮ್ಮನಿಗೆ ಕುಣಿಗಲ್ಲಿನಲ್ಲಿ ಕೆಲಸವಿಲ್ಲ, ಅಣ್ಣನಿಗೆ ಗುಬ್ಬಿಯಲ್ಲಿ ಕೆಲಸವಿಲ್ಲ. ಮನಸ್ತಾಪವೇನೂ ಇಲ್ಲವಂತೆ, ಹೋಗಿಬರುವುದಕ್ಕೆ ನೆಪವಿಲ್ಲ, ಅಷ್ಟೆ. ವ್ಯಾಜ್ಯವು ಮನೆ ಮುರಿಯುತ್ತದೆಂದು ಊರೂರಿಗೆ ಉಪದೇಶ ಮಾಡುವ ನಮ್ಮಂಥವರು ಇದನ್ನು ಯಾವ ಖಾತೆಗೆ ಜಮಾ ಮಾಡತಕ್ಕದ್ದು!

ಹೀಗೆ ಮೃದುವಾಗಿದ್ದ ಮನಸ್ಸಿನಿಂದ ಕಳೆದ ವಾರ ನಾನಾಗಿಯೇ ಅವರನ್ನು ಮಾತನಾಡಿಸಿದೆ. ಯಜಮಾನರು ನನ್ನ ಹಿತ್ತಲಿನ ಕಡೆಗೆ ದೃಷ್ಟಿ ಹಾಯಿಸಿ, ಪಕ್ಕದವರ ಬೇಲಿಯು ಈ ಕಡೆಗೆ ಒಂದು ಗೇಣು ಸರಿದಿರುವುದನ್ನು ಕಂಡುಹಿಡಿದು, “ಒಂದು ಸಣ್ಣ ಇಂಜಂಕ್ಷನ್ ಸೂಟು ಹಾಕಿಬಿಡಿ ಸ್ವಾಮಿ. ಜೊತೆಗೆ ನಾನಿರ್ತೀನಿ, ವಾಯಿದೆ ವಾಯಿದೆಗೂ ಬರ್ತೀನಿ” ಎಂದರು. ಬೇಲಿಯ ಆಚೆಗಿರುವವರು ಸಜ್ಜನರು, ನನಗೆ ಸಂಬಂಧಿಗಳು ಬೇರೆ. ಆದರೂ ವಕೀಲರ ಫೀಸು ಎಷ್ಟಾದೀತೆಂದು ಕೇಳಿಯೇಬಿಟ್ಟೆ.

“ಅದು ಆಮೇಲಿನ ಮಾತು. ಮೊದಲು ನೋಟೀಸು” ಎಂದು ಜೇಬಿನಿಂದ ಪೆನ್ನು ತೆಗೆದರು.