ಮುಳ್ಳಿಗೆ ಮುಲಾಜಿಲ್ಲ

ಮುಟ್ಟಿದರೆ ಮುನಿ ಎಲೆ ಮಡಚಿದ ಮಾತ್ರಕ್ಕೆ ಗೆದ್ದೆವೆಂದು ಬೀಗಬೇಡಿ. ಎಲೆ ಸರಿದೊಡನೆ ಎದುರಾಗುವುದು ದಂಟಿನ ಕೊಕ್ಕೆಮುಳ್ಳು. ದಕ್ಷಿಣ ಅಮೆರಿಕದಿಂದ ಬಂದು ಇಲ್ಲೇ ಠಿಕಾಣಿ ಹೂಡಿದ ಈ ಅತಿಥಿಯನ್ನು ಕತ್ತಿಯಿಂದ ಸವರಿದರೆ ಕ್ಷೌರ ಮಾಡಿದಂತಷ್ಟೆ: ಬುಡ ಮತ್ತೆ ಚಿಗುರುತ್ತದೆ, ಮಣ್ಣಿಗೆ ಬಿದ್ದ ಬೀಜ ವರ್ಷಗಟ್ಟಲೆ ಹೊಂಚು ಹಾಕುತ್ತದೆ. ಹಾಗಾಗಿ ಹೂ ಬಿಡುವ ಮೊದಲೇ, ಮಳೆಗೆ ನೆಲ ಮೆತ್ತಗಾದಾಗ, ಬೇರುಸಮೇತ ಕೀಳುವುದೇ ಸರಿ. ‘ಔಷಧಿ ಹೊಡೆದರೆ ಮುಗೀತಲ್ಲ?’ ಎನ್ನುವವರುಂಟು. ಎಲೆಗೆ ಹೊಡೆಯುವ ಕಳೆನಾಶಕಕ್ಕೆ ಪಕ್ಕದ ಬಸಳೆ ನಿಮ್ಮದೆಂದು ಗೊತ್ತಾಗದು. ನೆಲದೊಳಗಿನ ಬೀಜದ ತಂಟೆಗೂ ಅದು ಹೋಗದು. ಕಳೆ ಕೀಳಲು ‘ಬರಿಗೈ ಸಾಕು’ ಎನ್ನುವ ಶೂರರಿಗೆ ಮತ್ತೊಂದು ಕಳೆಯಾದ ನಸುಗುನ್ನಿ ಕಾಯಿಯ ಹೊಂಬಣ್ಣದ ರೋಮವೇ ಉತ್ತರ ಕೊಡುತ್ತದೆ. ಉಜ್ಜಿದಷ್ಟೂ ತುರಿಕೆ ಹಬ್ಬುತ್ತದೆ. ಈ ಕಳೆಗಳ ಸಾಲಿನಲ್ಲಿ ಮುಳ್ಳುಹರಿವೆಗೆ ಮಾತ್ರ ಒಂದಿಷ್ಟು ರಿಯಾಯಿತಿ: ಮುಳ್ಳು ಬಲಿಯುವ ಮುನ್ನ ಕಿತ್ತರೆ ಎಳೆಸೊಪ್ಪು ಪಲ್ಯಕ್ಕಾಗುತ್ತದೆ.