ಆರ್ಥರ್ ದೊರೆಯ ಪಾರ್ಕಿಂಗ್ ತಕರಾರು

ವರ್ಷದ ಅತಿ ದೀರ್ಘ ಹಗಲು ಬರುವ ಜೂನ್ 21ರ ಆಸುಪಾಸು, ನಿಸರ್ಗವನ್ನು ಪೂಜಿಸುವ ಇಂಗ್ಲೆಂಡಿನ ಪೇಗನ್ನರಿಗೆ ಜಾಗರಣೆ. ಸ್ಟೋನ್‌ಹೆಂಜ್‌ನ ಪುರಾತನ ಶಿಲಾವೃತ್ತದ ನಡುವೆ ರಾತ್ರಿಯಿಡೀ ಡೋಲು ಬಡಿಯುತ್ತಾ ಸೂರ್ಯನಿಗೆ ಕಾಯುತ್ತಾರೆ. ಅವನು ಮುಖ ತೋರಿಸುವುದು ಮಾತ್ರ ಮೋಡದ ಮರ್ಜಿ. ಆ ರಾತ್ರಿ ಒಳಗೆ ಹೋಗಲು ಪುಕ್ಕಟೆ, ಕಾರು ನಿಲ್ಲಿಸಲು ಕಾಸು.

ಇದಕ್ಕೆ ಸಿಡಿದೆದ್ದವರು ಆರ್ಥರ್ ಪೆಂಡ್ರಾಗನ್. ಮಾಜಿ ಸೈನಿಕ, ಬೈಕ್ ಸವಾರ, ಬಿಳಿ ನಿಲುವಂಗಿಯ ಡ್ರೂಯಿಡ್, ಅಂದರೆ ಪೇಗನ್ ಪುರೋಹಿತ. ಪುರಾಣದ ಆರ್ಥರ್ ದೊರೆಯೇ ತಾನಾಗಿ ಮತ್ತೆ ಹುಟ್ಟಿದ್ದಾನೆಂದು ಹೆಸರನ್ನೂ ಬದಲಿಸಿಕೊಂಡವರು. ಪ್ರಾರ್ಥನೆಗೂ ಸುಂಕವೇ ಎಂದು ಕೋರ್ಟಿನ ಮೆಟ್ಟಿಲೇರಿದರು. ಸೋತರು. ಪಾರ್ಕಿಂಗ್‌ನವನ ಮುಂದೆ ದೊರೆಯೂ ಪ್ರಜೆಯೇ!

ಸುಂಕ ಅಂದಾಗ ನೆನಪಾಯಿತು: 1950ರ ದಶಕದಲ್ಲಿ ವಿಕ್ಕಾ ಎಂಬ ಪೇಗನ್ ಪಂಥವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡ್ನರ್ ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದವರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 74,000 ಮಂದಿ ಪೇಗನ್ ಎಂದು ಬರೆಸಿದರು. ಒಳಪಂಗಡವಿಲ್ಲದ ಪಂಗಡ ಉಂಟೇ? ವಿಕ್ಕಾದವರ ಲೆಕ್ಕ ಬೇರೆ, ಸುಮಾರು 13,000.