ಅಳಿಯನ ಗಾಡಿಗೆ ಗುಲಾಬಿ ಶರಬತ್ತು

ಅಕ್ಟೋಬರ್ ಬಂತೆಂದರೆ ಮಿನೆಸೋಟಾದಲ್ಲಿ ಮೇಪಲ್ ಎಲೆ ಕೆಂಪಾಗುವುದನ್ನು ನೋಡಲು ಜನ ಸಂಸಾರಸಮೇತ ಹೊರಡುತ್ತಾರೆ. ಮೋಟಾರ್‌ಹೋಮ್ ಎಂಬ ಚಕ್ರದ ಮೇಲಿನ ಮನೆ ಇಟ್ಟುಕೊಂಡವರಿಗೆ ಆ ಭಾಗ್ಯವಿಲ್ಲ. ಅವರು ಮನೆ ಮುಂದೆ ಅಂಗಾತ ಮಲಗಿ, ಗಾಡಿಯ ಅಡಿಯಲ್ಲಿ ಎಲ್ಲೋ ಅಡಗಿರುವ ಎರಡು ಬಿರಡೆಗಳನ್ನು ಹುಡುಕುತ್ತಿರುತ್ತಾರೆ. ಒಂದು ತಣ್ಣೀರಿನ ಪೈಪಿನದು, ಇನ್ನೊಂದು ಬಿಸಿನೀರಿನದು. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಇರುತ್ತವೆ ಎಂದು ಕೈಪಿಡಿ ಹೇಳುತ್ತದೆ, ಚಿತ್ರವನ್ನೂ ಕೊಡುತ್ತದೆ. ಆ ಚಿತ್ರ ಬೇರೆ ಮಾದರಿಯ ಗಾಡಿಯದು ಎಂಬುದು ಮಲಗಿದ ಮೇಲೆ ಗೊತ್ತಾಗುತ್ತದೆ.

ಮಿನಿಯಾಪೊಲಿಸ್ ಪಕ್ಕದ ಊರೊಂದರಲ್ಲಿ ಹೀಗೆ ಮಲಗಿದ್ದ ಕನ್ನಡದ ಅಳಿಯನೊಬ್ಬನ ತಲೆಯ ಬಳಿ, ಉಲ್ಲನ್ ಟೋಪಿಯ ಮೇಲೆ ಮಫ್ಲರ್ ಸುತ್ತಿಕೊಂಡು ಮಾವ ನಿಂತಿದ್ದರು. ಮಗಳ ಮನೆಗೆಂದು ಶಿವಮೊಗ್ಗದಿಂದ ಬಂದವರು. ಕುಡಿಯುವ ನೀರಿನ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಜೀವಮಾನವಿಡೀ ನಲ್ಲಿಗೆ ನೀರು ಬರಿಸಲು ಒದ್ದಾಡಿದ ಜೀವ.

"ಏನು ಅಳಿಯಂದ್ರೇ, ತುಂಬಿದ ಟ್ಯಾಂಕು ಖಾಲಿ ಮಾಡ್ತಿದ್ದೀರಲ್ಲ!"

"ಒಂದು ತೊಟ್ಟೂ ಉಳೀಬಾರ್ದು ಮಾವ. ಉಳಿದ್ರೆ ಪೈಪ್ ಒಡೆಯುತ್ತೆ."

"ನಮ್ಮ ಕಡೆ ನೀರು ಬರ್ಲಿಲ್ಲ ಅಂತ ಜನ ಪೈಪ್ ಒಡೀತಿದ್ರು," ಎಂದರು ಮಾವ.

ಅಳಿಯ ಹೇಳಿದ್ದು ಸುಳ್ಳಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಕೊಡದಿದ್ದರೆ ಅದು ಕೇಳಿ ಪಡೆಯುವ ಪೈಕಿಯಲ್ಲ. ಕ್ವಿಬೆಕ್‌ನಲ್ಲಿದ್ದ ಬ್ರಿಟಿಷ್ ಫಿರಂಗಿ ದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್ 1784–85ರ ಚಳಿಗಾಲದಲ್ಲಿ ಇದನ್ನೇ ಪರೀಕ್ಷಿಸಿದ. ಕಬ್ಬಿಣದ ಟೊಳ್ಳು ಗುಂಡುಗಳಲ್ಲಿ ನೀರು ತುಂಬಿ, ಬಾಯಿಗೆ ಬಲವಾಗಿ ಬೆಣೆ ಹೊಡೆದು, ರಾತ್ರಿ ಹೊರಗಿಟ್ಟ. ಒಂದು ಗುಂಡಿನ ಬೆಣೆ ನಾನೂರು ಅಡಿಗೂ ದೂರ ಹಾರಿ ಬಿತ್ತು. ಮದ್ದಿಲ್ಲ, ಬೆಂಕಿಯಿಲ್ಲ; ಬರೀ ನೀರು. ಬೆಣೆ ಹಾರದ ಕಡೆ ಕಬ್ಬಿಣವೇ ಸೀಳಿತು. ಇನ್ನು ಮೋಟಾರ್‌ಹೋಮಿನ ಪ್ಲಾಸ್ಟಿಕ್ ಕೀಲುಗಳ ಮಾತೇನು? ಈಗಿನ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು ತಕ್ಕಮಟ್ಟಿಗೆ ಹಿಗ್ಗಿ ತಾಳಿಕೊಳ್ಳುತ್ತದೆ. ತಾಳದಿರುವುದು ಅದರ ಕೀಲು, ನಲ್ಲಿ, ಪಂಪಿನ ತಲೆ. ಅವು ಒಡೆದ ಸುದ್ದಿ ತಿಳಿಯುವುದು ವಸಂತದಲ್ಲಿ, ಪಂಪ್ ಚಾಲೂ ಮಾಡಿದಾಗ, ಹಾಸಿಗೆಯ ಕೆಳಗಿನಿಂದ.

ಮಿನೆಸೋಟಾದ ಚಳಿಯೂ ಬೆದರಿಸಲಿಕ್ಕೆ ಹೇಳಿದ ಮಾತಲ್ಲ. ಆ ರಾಜ್ಯದ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿದೆ. ಸೆಲ್ಸಿಯಸ್‌ನಲ್ಲಿ ಮೈನಸ್ 51. ಬೆಂಗಳೂರು ತನ್ನ ದಾಖಲೆಯ ಚಳಿಯೆಂದು ಇಂದಿಗೂ ಹೇಳಿಕೊಳ್ಳುವುದು 1884ರ ಜನವರಿಯ 7.8 ಡಿಗ್ರಿಯನ್ನು. ಅಷ್ಟು ಚಳಿಗೆ ಮಿನೆಸೋಟಾದವರು ಚಡ್ಡಿ ಹಾಕಿಕೊಂಡು ಓಡಲು ಹೋಗುತ್ತಾರೆ.

ಬಿರಡೆ ಸಿಕ್ಕಿತು, ನೀರು ಇಳಿಯಿತು. ಮುಂದಿನದು ಗೀಸರ್. ಅದನ್ನು ಹಿಂದಿನ ದಿನವೇ ಆರಿಸಿ, ತಣಿಸಿ, ಒತ್ತಡ ಇಳಿಸಿದ ಮೇಲಷ್ಟೇ ಬಿಚ್ಚಬೇಕು. ಅವಸರ ಮಾಡಿದವರ ತೋಳು ಬೇಯುತ್ತದೆ. ಅಳಿಯ ಸ್ಪ್ಯಾನರ್ ಹಾಕಿ ತಿರುಗಿಸಿದ. ಬಿರಡೆಯ ಜೊತೆಗೇ ಒಂದು ಉದ್ದನೆಯ ಸರಳು ಹೊರಬಂತು. ಹೊಸದಾಗಿದ್ದಾಗ ಹೆಬ್ಬೆರಳಿನಷ್ಟು ದಪ್ಪವಿದ್ದದ್ದು ಈಗ ಅಲ್ಲಲ್ಲಿ ಕೊರೆದು, ಒಂದು ಕಡೆ ಒಳಗಿನ ತಂತಿಯೇ ಕಾಣುತ್ತಿತ್ತು. ಅದರ ಹಿಂದೆಯೇ ಬಿಳೀ ಸುಣ್ಣದ ಹಕ್ಕಳೆಗಳು ದಬದಬನೆ ಸುರಿದವು. ಅಳಿಯ ಹಾಳಾಯಿತೆಂದು ಮುಖ ಸಪ್ಪಗೆ ಮಾಡಿಕೊಂಡರೆ ಮಾವನ ಮುಖ ಅರಳಿತು.

"ಇದು ಆನೋಡ್ ಕಣ್ರೀ! ಮೆಗ್ನೀಷಿಯಮ್. ತಾನು ಸವೆದು ಉಕ್ಕು ಉಳಿಸುತ್ತೆ. ನಾವೂ ನೆಲದಡಿಯ ಉಕ್ಕಿನ ಪೈಪಿಗೆ ಇದನ್ನೇ ಹಾಕ್ತಿದ್ವಿ."

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಸರಳನ್ನು ಕಾಗದದಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋಗಿ ಅತ್ತೆಗೂ ತೋರಿಸಿದರು. ಅತ್ತೆ ಒಗ್ಗರಣೆಯ ಮುಂದೆ ನಿಂತಿದ್ದರಿಂದ ಉಕ್ಕಿನ ಮೇಲೆ ಹೆಚ್ಚು ಆಸಕ್ತಿ ವಹಿಸಲಿಲ್ಲ.

ಬಿರಡೆ ಬಿಚ್ಚಿದರೂ ಪೈಪಿನ ಬಳುಕುಗಳಲ್ಲಿ ನೀರು ಬಚ್ಚಿಟ್ಟುಕೊಂಡಿರುತ್ತದೆ. ಅದಕ್ಕೆ ಕಂಪ್ರೆಸರ್. ಊರ ನೀರಿನ ಹೋಸ್ ಸಿಕ್ಕಿಸುವ ಕಡೆಯಿಂದ ಗಾಳಿ ಬಿಡುತ್ತಾರೆ. ಒತ್ತಡ 40 ಪಿಎಸ್‌ಐ ದಾಟಬಾರದು. ಚಳಿಯಿಂದ ಪೈಪು ಉಳಿಸಲು ಹೋಗಿ ಗಾಳಿಯಿಂದ ಒಡೆದವರೂ ಉಂಟು. ನಲ್ಲಿಗಳನ್ನು ಒಂದೊಂದಾಗಿ ತೆರೆಯಬೇಕು: ಅಡಿಗೆಮನೆಯದು, ಬೇಸಿನ್ನಿನದು, ಷವರ್, ಶೌಚದ ಪೆಡಲ್, ಪ್ರತಿಯೊಂದರಲ್ಲೂ ಬಿಸಿ ಬೇರೆ ತಣ್ಣೀರು ಬೇರೆ. ಹೀಗೆ ಮಾವನಿಗೆ ಗಾಡಿಯೊಳಗೆ ನೀರಗಂಟಿ ಕೆಲಸ ಸಿಕ್ಕಿತು. ಅವರು ನಲ್ಲಿ ತಿರುಗಿಸಿ "ಬಂತು!" ಎಂದು ಕೂಗುವುದು, ನಲ್ಲಿ ಕೆಮ್ಮಿ, ಉಗುಳಿ, ಕೊನೆಗೆ ಬರೀ ಗಾಳಿ ಬಿಟ್ಟಾಗ "ಹೋಯ್ತು!" ಎನ್ನುವುದು. ವೃತ್ತಿಯಲ್ಲಿದ್ದಾಗ ಈ ಎರಡನೆಯ ಮಾತು ಕೇಳಿದರೆ ಅವರಿಗೆ ಎದೆ ಧಸಕ್ಕೆನ್ನುತ್ತಿತ್ತು. ಇಲ್ಲಿ ಅದನ್ನು ಕೇಳಿ ಅಳಿಯ "ಭೇಷ್" ಅನ್ನುತ್ತಿದ್ದ.

ಎಲ್ಲರೂ ಮರೆಯುವ ನಲ್ಲಿಯೊಂದಿದೆ: ಗಾಡಿಯ ಹೊರಮೈಯಲ್ಲಿ, ಪುಟ್ಟ ಬಾಗಿಲಿನ ಹಿಂದಿರುವ ಷವರ್. ಕೊಂಡ ಮೊದಲ ಬೇಸಿಗೆಯಲ್ಲಿ ಮಕ್ಕಳ ಕಾಲಿನ ಮರಳು ತೊಳೆಯಲು ಬಳಸಿದ್ದು ಬಿಟ್ಟರೆ ಆಮೇಲೆ ಯಾರಿಗೂ ಅದರ ನೆನಪಿರುವುದಿಲ್ಲ. ಚಳಿಗೆ ಮಾತ್ರ ನೆನಪಿರುತ್ತದೆ.

ಗಾಳಿಯನ್ನೂ ನಂಬದವರು ಗುಲಾಬಿ ದ್ರಾವಣ ತುಂಬುತ್ತಾರೆ. ಗ್ಯಾಲನ್ ಕ್ಯಾನುಗಳಲ್ಲಿ ಬರುವ ಇದು ನೋಡಲು ಅಪ್ಪಟ ಗುಲಾಬಿ ಶರಬತ್ತು. ಇರುವುದು ಪ್ರೊಪಿಲೀನ್ ಗ್ಲೈಕಾಲ್. ಔಷಧಿ, ತಿನಿಸುಗಳಲ್ಲೂ ಬಳಕೆಯಲ್ಲಿರುವಂಥದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅದರ ದಾಯಾದಿ, ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ಅಂಗಡಿಯಲ್ಲಿ ಎರಡೂ ಹತ್ತಿರ ಹತ್ತಿರವೇ ಕೂತಿರುವುದರಿಂದ ಚೀಟಿ ಓದಿಯೇ ತರಬೇಕು. ಚೀಟಿಯ ಮೇಲಿನ ಮೈನಸ್ 50 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಅಲ್ಲಿಯವರೆಗೆ ಪೈಪು ಒಡೆಯದು ಎಂದಷ್ಟೇ ಅರ್ಥ. ದ್ರಾವಣ ಅದಕ್ಕೆ ಎಷ್ಟೋ ಮೊದಲೇ ಮಂದವಾಗುತ್ತದೆ. ಗೀಸರಿನ ಬೈಪಾಸ್ ವಾಲ್ವು ತಿರುಗಿಸಿಕೊಂಡರೆ ಎರಡು ಮೂರು ಗ್ಯಾಲನ್ ಸಾಕು. ಮರೆತರೆ ಗೀಸರೊಂದೇ ಆರು ಗ್ಯಾಲನ್ ಕುಡಿದು ಕೂರುತ್ತದೆ.

ಇನ್ನುಳಿದದ್ದು ಶೌಚದ ಟ್ಯಾಂಕು. ಅದನ್ನು ನಿಗದಿಯಾದ ಡಂಪ್ ಸ್ಟೇಷನ್ನಿನಲ್ಲೇ ಖಾಲಿ ಮಾಡಬೇಕು. ಹಾಗೆ ಮಾಡದಿದ್ದರೆ ಏನಾಗುತ್ತದೆಂದು ಅಮೆರಿಕಕ್ಕೆಲ್ಲ ತಿಳಿಸಿಕೊಟ್ಟದ್ದು 1989ರ 'ಕ್ರಿಸ್‌ಮಸ್ ವೆಕೇಷನ್' ಸಿನಿಮಾ. ಅದರಲ್ಲಿ ನೆಂಟನೊಬ್ಬ ಕಿವಿಟೋಪಿ, ಗೌನು ತೊಟ್ಟು, ಬಿಯರ್ ಹಿಡಿದು, ಬೀದಿಯ ಮಳೆನೀರಿನ ಚರಂಡಿಗೇ ಟ್ಯಾಂಕು ಬಿಡುತ್ತಾನೆ. ಸಿನಿಮಾದ ಕೊನೆಗೆ ಚರಂಡಿಯಲ್ಲಿ ಸೇರಿಕೊಂಡ ಅನಿಲಕ್ಕೆ ಕಿಡಿ ತಾಗಿ, ಅಲಂಕಾರಕ್ಕಿಟ್ಟ ಸಾಂತಾಕ್ಲಾಸ್ ಆಕಾಶಕ್ಕೆ ಹಾರುತ್ತಾನೆ. ಇವತ್ತಿಗೂ ಗಾಡಿಯ ಹಿಂದೆ ಹೋಸ್ ಹಿಡಿದು ನಿಂತವರನ್ನು ಕಂಡರೆ ನೆರೆಯವರು ಆ ಸಿನಿಮಾದ ಮಾತು ಹೇಳದೆ ಹೋಗುವುದಿಲ್ಲ.

ಈ ರಗಳೆಯೇ ಬೇಡವೆನ್ನುವವರು ಗಾಡಿ ಸಮೇತ ಅರಿಜೋನಾಕ್ಕೆ ಹೊರಟುಬಿಡುತ್ತಾರೆ. ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿನ ಸುತ್ತಲಿನ ಸರ್ಕಾರಿ ಮರುಭೂಮಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ತಂಗಬಹುದು. ತಮಾಷೆಯೆಂದರೆ ಅಲ್ಲಿ ಗಾಡಿ ನಿಲ್ಲಿಸಿದ ಜಾಗದಲ್ಲಿ ನಲ್ಲಿಯಿಲ್ಲ. ಸಾರ್ವಜನಿಕ ನಲ್ಲಿಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬಂದು, ಲೋಟದ ಲೆಕ್ಕದಲ್ಲಿ ಮೀಯಬೇಕು.

ಇದನ್ನು ಕೇಳಿದ ಮಾವ ಉತ್ಸಾಹದಿಂದ ಎದ್ದು ಕೂತರು. ಅಲ್ಲಿ ಎಷ್ಟು ಗಾಡಿ ನಿಲ್ಲುತ್ತವೆ, ನಲ್ಲಿ ಎಷ್ಟಿವೆ, ಸರದಿ ಹೇಗೆ ಎಂದೆಲ್ಲ ವಿಚಾರಿಸಿದರು. ಅಳಿಯ ಎರಡೂವರೆ ಸಾವಿರ ಕಿಲೋಮೀಟರಿಗೂ ಮೀರಿದ ದೂರವನ್ನು, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚೆನ್ನುವ ಎಂಜಿನ್ನನ್ನು ಲೆಕ್ಕ ಹಾಕಿ ತೋರಿಸಿದ. ಮಾವ ಕಾಗದವನ್ನು ಎರಡು ಸಲ ನೋಡಿ, ಪೆಟ್ರೋಲ್ ಟ್ಯಾಂಕಿಗೂ ಗುಲಾಬಿ ನೀರು ಹಾಕಬೇಕೇ ಎಂದು ಕೇಳಿದರು.